‘ಹೋಗ್ತೀನಿ’ ಅನ್ನಬಾರದು: ಇಟಲಿಯ ಅಜ್ಜಿಯೊಬ್ಬರು ಕಲಿಸಿದ ವಿದಾಯ

2018ರ ಡಿಸೆಂಬರ್ ತಿಂಗಳ ಒಂದು ಭಾನುವಾರ ಸಂಜೆ. ಉತ್ತರ ಇಟಲಿಯ ತೊರೀನೊ ನಗರದ ಹಳೆಯ ಅಪಾರ್ಟ್‌ಮೆಂಟೊಂದರ ನಾಲ್ಕನೇ ಮಹಡಿಯಲ್ಲಿ, ಬಾಗಿಲ ಬಳಿ, ದಪ್ಪ ಕೋಟು ಹಾಕಿಕೊಂಡು ನಿಂತಿದ್ದೆ. ಮರುದಿನ ಬೆಳಿಗ್ಗೆ ಪುಣೆಗೆ ವಾಪಸು ಹೊರಡುವುದಿತ್ತು. ಎದುರಿಗೆ ನನ್ನ ಸಹೋದ್ಯೋಗಿಯ ತಾಯಿ, ಎಪ್ಪತ್ತೇಳು ವರ್ಷದ ಅಜ್ಜಿ. ಮೂರು ತಿಂಗಳು ಹೆಚ್ಚು ಕಡಿಮೆ ಪ್ರತಿ ಭಾನುವಾರ ನನಗೆ ಊಟ ಹಾಕಿದವರು.

ಇಂಥವರಿಗೆ ಬರೀ ‘ಚಾವೊ’ ಎಂದು ಹೇಳಿ ಬರಲು ಮನಸ್ಸಾಗಲಿಲ್ಲ. ತೀರಾ ಹಗುರ ಅನ್ನಿಸಿತು. ಹಾಗಾಗಿ ಹಿಂದಿನ ರಾತ್ರಿ ಮೊಬೈಲಿನ ನಿಘಂಟಿನಲ್ಲಿ ತಡಕಾಡಿ ಒಂದು ಗಂಭೀರವಾದ ಪದ ಹುಡುಕಿಟ್ಟುಕೊಂಡಿದ್ದೆ. ಕೈಮುಗಿದು, ಸ್ಪಷ್ಟವಾಗಿ, ಸ್ವಲ್ಪ ಹೆಮ್ಮೆಯಿಂದಲೇ ಹೇಳಿದೆ: “ಅದ್ದೀಯೊ, ಸಿನ್ಯೋರಾ.”

ಅಜ್ಜಿಯ ಮುಖ ಬಾಡಿತು. ಮಗ ಒಂದು ಕ್ಷಣ ನೆಲ ನೋಡಿದ. ಅಜ್ಜಿ ನನ್ನ ಎರಡೂ ಕೈ ಹಿಡಿದು, ತಲೆ ಅಲ್ಲಾಡಿಸಿ, ಚಿಕ್ಕ ಮಗುವಿಗೆ ಹೇಳುವಂತೆ ನಿಧಾನವಾಗಿ ಹೇಳಿದರು: “ಅದ್ದೀಯೊ ಅಲ್ಲ. ಅರ್ರಿವೆದೆರ್ಚಿ.” ನನ್ನ ಬಾಯಿಂದ ಅದನ್ನು ಎರಡು ಸಲ ಹೇಳಿಸಿದ ಮೇಲೆಯೇ ಕೈ ಬಿಟ್ಟರು.

ಆ ಎರಡು ಪದಗಳ ನಡುವಿನ ದೂರ ಎಷ್ಟೆಂದು ನನಗೆ ಅರ್ಥವಾದದ್ದು ಆಮೇಲೆ. ಅದನ್ನೇ ಇಲ್ಲಿ ಹಂಚಿಕೊಳ್ಳುತ್ತಿದ್ದೇನೆ. ನಮ್ಮಲ್ಲಿ ಅನೇಕರು ಆನ್‌ಸೈಟ್ ಎಂದು, ಪ್ರವಾಸವೆಂದು ಆ ಕಡೆ ಹೋಗುತ್ತಲೇ ಇರುತ್ತೇವೆ. ಹೋಟೆಲಿನಲ್ಲಿ ಇಂಗ್ಲಿಷ್ ಸಾಕಾಗುತ್ತದೆ. ಆದರೆ ಯಾರಾದರೂ ಮನೆಗೆ ಕರೆದು ಊಟ ಹಾಕಿದರೆ, ಅವರ ಹೊಸ್ತಿಲಲ್ಲಿ ನಿಂತಾಗ, ಅವರ ಭಾಷೆಯ ನಾಲ್ಕು ಮಾತು ಬೇಕೇ ಬೇಕು.

ಮೊದಲ ಭಾನುವಾರ

ನಾನು ಧಾರವಾಡದವಳು, ಕೆಲಸ ಪುಣೆಯಲ್ಲಿ, ಕಾರುಗಳೊಳಗಿನ ಸಾಫ್ಟ್‌ವೇರ್‌ಗೆ ಸಂಬಂಧಿಸಿದ್ದು. ಸೆಪ್ಟೆಂಬರಿನಲ್ಲಿ ಮೂರು ತಿಂಗಳ ಮಟ್ಟಿಗೆ ತೊರೀನೊಗೆ ಕಳಿಸಿದ್ದರು. ನಾವು ಇಂಗ್ಲಿಷಿನಲ್ಲಿ ಟುರಿನ್ ಎನ್ನುವ ಊರು ಅದೇ. ಎರಡನೇ ವಾರದಲ್ಲೇ ಅಲ್ಲಿನ ಸಹೋದ್ಯೋಗಿ, “ನಮ್ಮಮ್ಮ ನಿನ್ನನ್ನು ಊಟಕ್ಕೆ ಕರೆದುಕೊಂಡು ಬಾ ಅಂದಿದ್ದಾರೆ” ಎಂದ. ನಾನು ಸಸ್ಯಾಹಾರಿ ಎಂದೆ. “ಅದಕ್ಕೇ ಕರೆದದ್ದು, ಆಫೀಸಿನ ಕ್ಯಾಂಟೀನಿನಲ್ಲಿ ನೀನು ಬರೀ ಸೊಪ್ಪು ತಿನ್ನುತ್ತೀ ಎಂದು ಹೇಳಿಬಿಟ್ಟೆ” ಎಂದು ನಕ್ಕ.

ಅಲ್ಲಿ ಬಾಗಿಲು ತೆರೆದಿದ್ದರೂ ಹೊಸ್ತಿಲ ಮೇಲೆ ನಿಂತು “ಪೆರ್ಮೆಸ್ಸೊ?” ಎನ್ನಬೇಕು. ಅಂದರೆ ‘ಅಪ್ಪಣೆಯೇ?’. ಒಳಗಿನಿಂದ “ಅವಾಂತಿ!” ಎಂದು ಬಂದ ಮೇಲೆ ಕಾಲಿಡಬೇಕು. ನಮ್ಮಲ್ಲಿ ಹೊರಗೆ ನಿಂತು “ಇದ್ದೀರೇನ್ರೀ?” ಎಂದು ಕೂಗುವುದಿಲ್ಲವೇ, ಹಾಗೆ.

ಬರಿಗೈಯಲ್ಲಿ ಹೋಗುವುದು ಅಲ್ಲೂ ಸರಿಯಲ್ಲ. ಭಾನುವಾರದ ಊಟಕ್ಕೆ ಹೋಗುವವರು ಬೇಕರಿಯಿಂದ ‘ಪಾಸ್ತಿಚ್ಚೀನಿ’, ಅಂದರೆ ತುತ್ತಿಗೊಂದರಂತಿರುವ ಪುಟ್ಟ ಪುಟ್ಟ ಸಿಹಿಗಳನ್ನು ಕಾಗದದಲ್ಲಿ ಸುತ್ತಿಸಿಕೊಂಡು ಹೋಗುವುದು ವಾಡಿಕೆ. ನಾನೂ ಒಯ್ದೆ. ಅಜ್ಜಿ ತೆಗೆದುಕೊಳ್ಳುತ್ತಾ ಮಗನ ಕಡೆ ನೋಡಿ ಏನೋ ಅಂದರು. ಇಂಥ ಹೊತ್ತಿಗೆ ಅಲ್ಲಿ ಹೇಳುವ ಮಾತು “ನೊನ್ ದೊವೇವಿ”, ‘ನೀನು ತರಬೇಕಾಗಿರಲಿಲ್ಲ’. “ಇದೆಲ್ಲಾ ಯಾಕ ತರಾಕ ಹೋದ್ರಿ?” ಎನ್ನುವ ನಮ್ಮ ಮಾತು ಇಟಾಲಿಯನ್ನಿನಲ್ಲಿ ಕೇಳಿದಂತಾಯಿತು.

ಉಡುಗೊರೆಯ ವಿಷಯ ಬಂದಿತೆಂದು ಇನ್ನೊಂದು ಮಾತು. ಅಕ್ಟೋಬರ್ ಕೊನೆಯಲ್ಲಿ ಹೂವಿನಂಗಡಿಗಳ ಮುಂದೆಲ್ಲಾ ಸೇವಂತಿಗೆ ರಾಶಿ. ನವರಾತ್ರಿ ಆಗಷ್ಟೇ ಮುಗಿದಿತ್ತು, ನೋಡಿದರೆ ಊರಿನ ನೆನಪು. ಅಜ್ಜಿಗೆ ಒಂದು ದೊಡ್ಡ ಗೊಂಚಲು ಒಯ್ಯೋಣವೆಂದು ಅಂಗಡಿಗೆ ಹೋದೆ. ಅಂಗಡಿಯಾಕೆ ಮೆಲ್ಲಗೆ “ಸ್ಮಶಾನಕ್ಕಾ?” ಎಂದು ಕೇಳಿದಳು. ಇಟಲಿಯಲ್ಲಿ ಸೇವಂತಿಗೆ ಸತ್ತವರ ಹೂವು. ನವೆಂಬರ್ 2ರಂದು, ಅಂದರೆ ಗತಿಸಿದವರ ದಿನದಂದು, ಸಮಾಧಿಗಳ ಮೇಲೆ ಇಡುವುದು ಅದನ್ನೇ. ನಮ್ಮ ದೇವರ ಮುಡಿಯ ಹೂವನ್ನು ಅಲ್ಲಿ ಯಾರ ಮನೆಗೂ ಒಯ್ಯಬೇಡಿ.

ನೀನು, ನೀವು, ‘ಅವಳು’

ಮೊದಲ ದಿನ ನಾನು ಮಾಡಿದ ತಪ್ಪು, ಅಜ್ಜಿಗೆ ‘ತು’ ಎಂದದ್ದು. ‘ತು’ ಎಂದರೆ ‘ನೀನು’. ಮೊಬೈಲ್ ಆ್ಯಪ್‌ನಿಂದ ಭಾಷೆ ಕಲಿತರೆ ಹೀಗಾಗುತ್ತದೆ. ಅದು ಎಲ್ಲರನ್ನೂ ಗೆಳೆಯರೆಂದೇ ತಿಳಿದಿರುತ್ತದೆ.

ಹಿರಿಯರಿಗೆ, ಅಪರಿಚಿತರಿಗೆ ‘ಲೇಯಿ’ ಎನ್ನಬೇಕು. ಲೇಯಿ ಎಂದರೆ ಅಕ್ಷರಶಃ ‘ಅವಳು’! ಎದುರಿಗಿರುವುದು ಮೀಸೆ ಹೊತ್ತ ಗಂಡಸಾದರೂ ಅದೇ. ಹಿಂದೆ ದೊಡ್ಡವರನ್ನು ನೇರವಾಗಿ ಸಂಬೋಧಿಸದೆ ‘ನಿಮ್ಮ ಪ್ರಭುತ್ವ’ ಎಂಬಂಥ ಮಾತಿನಿಂದ ಕರೆಯುತ್ತಿದ್ದರು. ಆ ಪದ ಸ್ತ್ರೀಲಿಂಗ. ಅದಕ್ಕೆ ಬದಲಾಗಿ ಬಂದ ಸರ್ವನಾಮವೂ ಸ್ತ್ರೀಲಿಂಗವಾಗಿ ಉಳಿದುಕೊಂಡಿತು. ಮುಸೊಲಿನಿಯ ಸರ್ಕಾರ 1938ರಲ್ಲಿ ‘ಲೇಯಿ’ ಬೇಡ, ‘ವೊಯಿ’ ಎನ್ನಿ ಎಂದು ಒತ್ತಾಯಿಸಿತ್ತು. ಆಗ ‘ಲೇಯಿ’ ಎಂಬ ಹೆಸರಿನ ಮಹಿಳಾ ಪತ್ರಿಕೆಯೊಂದು ತನ್ನ ಹೆಸರನ್ನೇ ‘ಅನ್ನಾಬೆಲ್ಲಾ’ ಎಂದು ಬದಲಿಸಿಕೊಳ್ಳಬೇಕಾಯಿತು. ಸರ್ಕಾರ ಬಿತ್ತು, ಲೇಯಿ ಉಳಿಯಿತು. ದಕ್ಷಿಣ ಇಟಲಿಯಲ್ಲಿ ಮಾತ್ರ ಹಿರಿಯರಿಗೆ ‘ವೊಯಿ’ ಎನ್ನುವುದು ಇಂದಿಗೂ ಕಿವಿಗೆ ಬೀಳುತ್ತದೆ.

ಧನ್ಯವಾದ, ವಿದಾಯ ಎರಡೂ ಈ ಸರ್ವನಾಮದ ಮೇಲೆ ನಿಂತಿವೆ. ಗೆಳೆಯರಿಗಾದರೆ “ತಿ ರಿಂಗ್ರಾತ್ಸಿಯೊ”. ಹಿರಿಯರಿಗೆ “ಲಾ ರಿಂಗ್ರಾತ್ಸಿಯೊ”. ಮನೆಮಂದಿಗೆಲ್ಲಾ ಸೇರಿಸಿ “ವಿ ರಿಂಗ್ರಾತ್ಸಿಯೊ”. ಬಹುವಚನ ಹಾಕಿ ಮಾತಾಡುವ ನಮಗೆ ಇದು ಕಷ್ಟವಲ್ಲ. ಇಂಗ್ಲಿಷಿನ ಒಂದೇ ‘ಯೂ’ ಅಭ್ಯಾಸವಾಗಿರುವುದರಿಂದ ಮರೆತುಹೋಗುತ್ತದೆ ಅಷ್ಟೇ.

‘ನೀವು’ಯಿಂದ ‘ನೀನು’ಗೆ ಇಳಿಯುವ ಮಾತನ್ನು ಹಿರಿಯರೇ ಎತ್ತಬೇಕು. ಮೂರನೆಯ ಭಾನುವಾರ ಅಜ್ಜಿಯೇ “ಇನ್ನು ನನಗೆ ತು ಅನ್ನು” ಎಂದರು. ನನ್ನ ನಾಲಿಗೆ ಏಳಲಿಲ್ಲ. ಧಾರವಾಡದ ಸೊಸೆ ಎಪ್ಪತ್ತೇಳು ವರ್ಷದವರಿಗೆ ನೀನು ಎನ್ನುವುದು ಹೇಗೆ? ಕೊನೆಯವರೆಗೂ ಸಿನ್ಯೋರಾ ಎಂದೇ ಕರೆದೆ, ಲೇಯಿ ಎಂದೇ ಮಾತಾಡಿದೆ. ಅವರು ಬೇಸರಿಸಿಕೊಳ್ಳಲಿಲ್ಲ.

ತ್ರಾಸ ತಗೊಂಡ್ರಿ

‘ಗ್ರಾತ್ಸಿಯೆ’ ಎಲ್ಲರಿಗೂ ಗೊತ್ತು. ಆದರೆ ಬಹಳ ಮಂದಿ ಹೊರಗಿನವರು ಕೊನೆಯ ‘ಎ’ಯನ್ನು ನುಂಗಿ ‘ಗ್ರಾತ್ಸಿ’ ಎನ್ನುತ್ತಾರೆ. ನುಂಗಬಾರದು. ಉಚ್ಚಾರಣೆಯ ವಿಷಯದಲ್ಲಿ ಕನ್ನಡಿಗರು ಅದೃಷ್ಟವಂತರು. ಇಟಾಲಿಯನ್ನಿನ ತ, ದ ನಮ್ಮ ಹಲ್ಲಿನ ತ, ದಗಳೇ. ಅವರ ಒತ್ತಕ್ಷರ ನಮ್ಮ ಒತ್ತಕ್ಷರವೇ. ‘ತುತ್ತೊ’, ‘ನೊತ್ತೆ’, ‘ಮಾಮ್ಮಾ’ ಇವನ್ನು ಹೇಳಲು ನಾವು ಹೆಣಗಬೇಕಾಗಿಲ್ಲ. ‘ತುತ್ತು’ ಎನ್ನಲು ಬರುವವರಿಗೆ ‘ತುತ್ತೊ’ ಬರುತ್ತದೆ.

ಆದರೆ ಊಟ ಹಾಕಿದವರಿಗೆ ಒಂದು ಗ್ರಾತ್ಸಿಯೆ ಸಾಲದು. ಏನಕ್ಕೆ ಎಂದು ಸೇರಿಸಬೇಕು. “ಗ್ರಾತ್ಸಿಯೆ ದಿ ತುತ್ತೊ”, ಎಲ್ಲದಕ್ಕೂ. “ಗ್ರಾತ್ಸಿಯೆ ದಿ ಕುವೋರೆ”, ಹೃದಯದಿಂದ. “ಗ್ರಾತ್ಸಿಯೆ ಪೆರ್ ಲೋಸ್ಪಿತಾಲಿತಾ”, ನಿಮ್ಮ ಆತಿಥ್ಯಕ್ಕೆ. ಅಡುಗೆಯ ಬಗ್ಗೆ ಹೇಳದಿದ್ದರಂತೂ ಏನೂ ಹೇಳಿದಂತಾಗುವುದಿಲ್ಲ: “ಎರಾ ತುತ್ತೊ ಬುವೊನಿಸ್ಸಿಮೊ”, ಎಲ್ಲವೂ ಬಹಳ ರುಚಿಯಾಗಿತ್ತು.

ಯೋಚಿಸಿ ನೋಡಿ, ಕನ್ನಡದಲ್ಲಿ ನಾವು ಊಟ ಹಾಕಿದ ಅತ್ತಿಗೆಗೋ ಪಕ್ಕದ ಮನೆಯವರಿಗೋ ‘ಧನ್ಯವಾದ’ ಎನ್ನುತ್ತೇವೆಯೇ? ಹಾಗಂದರೆ ವಂದನಾರ್ಪಣೆಗೆ ಮೈಕ್ ಮುಂದೆ ನಿಂತಂತೆ ಕೇಳಿಸುತ್ತದೆ. ಪಂಕ್ತಿಯಲ್ಲಾದರೆ ‘ಅನ್ನದಾತಾ ಸುಖೀ ಭವ’ ಎನ್ನುವುದುಂಟು. ಮನೆಯಲ್ಲಿ ನಾವು ಹೇಳುವುದು, “ಭಾಳ ತ್ರಾಸ ತಗೊಂಡ್ರಿ.” ಅವರು, “ತ್ರಾಸ ಏನು ಬಂತ್ರಿ ಇದರಾಗ!” ಮುಗಿಯಿತು, ಧನ್ಯವಾದ ಸಂದಾಯವಾಯಿತು.

ಇಟಾಲಿಯನ್ನಿನಲ್ಲೂ ಇದೇ ಇದೆ ಎಂದು ತಿಳಿದಾಗ ನನಗೆ ನಗು ತಡೆಯಲಾಗಲಿಲ್ಲ. “ತ್ರೊಪ್ಪೊ ದಿಸ್ತೂರ್ಬೊ”, ಬಹಳ ತೊಂದರೆ ತಗೊಂಡ್ರಿ. ಅದಕ್ಕೆ ಉತ್ತರ “ಸಿ ಫಿಗೂರಿ!”, ಹಾಗೆಂದುಕೊಳ್ಳುವುದುಂಟೇ! ಸಲಿಗೆಯವರಿಗಾದರೆ “ಫಿಗೂರಾತಿ!”. ಇನ್ನೂ ಸ್ವಲ್ಪ ಒತ್ತಿ ಹೇಳಬೇಕೆಂದರೆ “ಚಿ ಮಾಂಕೆರೆಬ್ಬೆ!”, ಅಷ್ಟೂ ಮಾಡದಿದ್ದರೆ ಹೇಗೆ!

ಎದ್ದ ಮೇಲೂ ಮುಗಿಯದ ಮಾತು

ಊಟವಾಗಿ, ಹಣ್ಣಾಗಿ, ಸಿಹಿಯಾಗಿ, ಕೊನೆಗೆ ಪುಟ್ಟ ಕಪ್ಪಿನಲ್ಲಿ ಕಾಫಿ ಬರುತ್ತದೆ. ಕಾಫಿ ಬಂತೆಂದರೆ ಊಟದ ಅಧ್ಯಾಯ ಮುಗಿಯಿತೆಂದು ಅರ್ಥ. ಹೊರಡುವವರು ಹೇಳಬಹುದಾದ ಒಂದು ಚಂದದ ಮಾತು: “ತೊಲ್ಗೊ ಇಲ್ ದಿಸ್ತೂರ್ಬೊ”. ನಿಮಗಾಗಿರುವ ತೊಂದರೆಯನ್ನು ತೆಗೆದುಕೊಂಡು ಹೋಗುತ್ತೇನೆ, ಅಂದರೆ ಇನ್ನು ನಾನು ಹೊರಟೆ! ಸ್ವಲ್ಪ ನಗುತ್ತಾ ಹೇಳಬೇಕು. ಹೇಳಿದ ಕೂಡಲೇ ಯಾರೂ ಬಿಡುವುದಿಲ್ಲ. ಕುರ್ಚಿಯಿಂದ ಎದ್ದ ಮೇಲೆ ಹತ್ತು ನಿಮಿಷ, ಕೋಟು ಹಾಕಿದ ಮೇಲೆ ಹತ್ತು ನಿಮಿಷ, ಬಾಗಿಲಲ್ಲಿ ಇನ್ನೊಂದಿಷ್ಟು. ನಮ್ಮವರು ಗೇಟಿನ ಬಳಿ ನಿಂತು ನಿಜವಾದ ಸುದ್ದಿ ಶುರುಮಾಡುತ್ತಾರಲ್ಲ, ಹಾಗೆಯೇ.

ಬಾಗಿಲಲ್ಲಿ ಹೇಳುವ ಮಾತುಗಳಿಗೆ ಒಂದು ಮೆಟ್ಟಿಲ ಸಾಲಿದೆ. ಗೆಳೆಯರಿಗೆ ‘ಚಾವೊ’. ಇದು ವೆನಿಸ್ ಕಡೆಯ ‘ಸ್ಚಾವೊ’, ಅಂದರೆ ‘ನಿಮ್ಮ ದಾಸ’ ಎಂಬುದರಿಂದ ಬಂದದ್ದು. ನಾವು ಅರ್ಜಿಯ ಕೊನೆಗೆ ‘ಇಂತಿ ನಿಮ್ಮ ವಿಧೇಯ’ ಎಂದು ಬರೆಯುವ ಹಾಗೆ. ಅಷ್ಟು ವಿನಯದಿಂದ ಹುಟ್ಟಿದ ಪದ ಈಗ ಸಲಿಗೆಯ ಪದ. ಹಿರಿಯರಿಗೆ, ಅವರು ಸಲಿಗೆ ಕೊಡುವ ತನಕ, ಬೇಡ. ಎಲ್ಲರಿಗೂ ಸಲ್ಲುವುದು ‘ಅರ್ರಿವೆದೆರ್ಚಿ’. ತೀರಾ ಗೌರವದಿಂದ ಒಬ್ಬರಿಗೇ ಹೇಳುವಾಗ ‘ಅರ್ರಿವೆದೆರ್ಲಾ’. ಈ ‘ಲಾ’ ಮತ್ತೆ ಆ ಲೇಯಿಯ ರೂಪವೇ.

‘ಅರ್ರಿವೆದೆರ್ಚಿ’ಯನ್ನು ಬಿಡಿಸಿದರೆ, ‘ನಾವು ಒಬ್ಬರನ್ನೊಬ್ಬರು ಮತ್ತೆ ನೋಡುವ ತನಕ’. ‘ಅದ್ದೀಯೊ’ ಬಿಡಿಸಿದರೆ ‘ದೇವರಿಗೆ’. ನಿನ್ನನ್ನು ದೇವರಿಗೆ ಒಪ್ಪಿಸಿದೆ, ಇನ್ನು ನಮ್ಮ ಭೇಟಿ ಇಲ್ಲ ಎಂಬ ಧ್ವನಿ. ಸತ್ತವರನ್ನು ಕಳಿಸುವಾಗ, ಸಂಬಂಧ ಕಡಿದುಕೊಳ್ಳುವಾಗ ಬರುವ ಮಾತು. ನಿಘಂಟು ಎರಡರ ಮುಂದೆಯೂ ‘ವಿದಾಯ’ ಎಂದು ಬರೆದಿತ್ತು.

ನನಗೆ ನಾಚಿಕೆಯಾದದ್ದು ಯಾಕೆಂದರೆ, ಈ ವ್ಯತ್ಯಾಸ ನನ್ನ ಮನೆಯಲ್ಲೇ ಕಲಿತದ್ದು. ಚಿಕ್ಕವಳಿದ್ದಾಗ ಶಾಲೆಗೆ ಹೊರಡುತ್ತಾ “ಹೋಗ್ತೀನಿ” ಎಂದರೆ ಅಜ್ಜಿ ಗದರುತ್ತಿದ್ದರು: “ಹೋಗ್ತೀನಿ ಅನಬಾರದು, ಬರ್ತೀನಿ ಅನ್ನು!” ಮರಾಠಿಯವರು ಹೊರಡುವಾಗ ‘ಯೇತೊ’, ‘ಯೇತೆ’ ಎನ್ನುತ್ತಾರೆ, ಅಂದರೆ ಬರ್ತೀನಿ. ಚೆನ್ನೈಯಲ್ಲಿರುವ ನಿಮಗೆ ‘ಪೋಯ್ಟು ವರೇನ್’ ಗೊತ್ತು, ಹೈದರಾಬಾದಿನವರಿಗೆ ‘ವೆಳ್ಳೊಸ್ತಾನು’ ಗೊತ್ತು. ಹೊರಡುವ ಮಾತಿನಲ್ಲೇ ಮರಳುವ ಮಾತು ಕಟ್ಟಿಕೊಡುವುದು ನಮ್ಮ ಕಡೆಯ ಭಾಷೆಗಳಿಗೆಲ್ಲಾ ರೂಢಿ. ಅದನ್ನು ತಿಳಿದವಳು ಅಲ್ಲಿ ಹೋಗಿ ‘ಅದ್ದೀಯೊ’ ಎಂದೆ.

ಹೇಳದೆ ಬಂದವಳು

ಅಜ್ಜಿಯ ಮುಖ ಅಷ್ಟು ಬಾಡಿದ್ದಕ್ಕೆ ಇನ್ನೊಂದು ಕಾರಣವಿತ್ತು. ಅದನ್ನು ನನಗೆ ಅವರು ನವೆಂಬರಿನ ಒಂದು ಮಧ್ಯಾಹ್ನ ಹೇಳಿದ್ದರು. ಮಗ ಪಕ್ಕದಲ್ಲಿ ಕೂತು ಇಂಗ್ಲಿಷಿಗೆ ತಿರುಗಿಸುತ್ತಿದ್ದ.

ಅವರು ತೊರೀನೊದವರಲ್ಲ. ಸುಮಾರು 1000 ಕಿಲೋಮೀಟರ್ ದೂರದ ಪುಲ್ಯಾದವರು, ಇಟಲಿಯ ಬೂಟಿನ ಹಿಮ್ಮಡಿ ಎನ್ನುತ್ತಾರಲ್ಲ, ಆ ಸೀಮೆ. 1950–60ರ ದಶಕಗಳಲ್ಲಿ ದಕ್ಷಿಣದ ಬಡ ಹಳ್ಳಿಗಳಿಂದ ಲಕ್ಷಾಂತರ ಜನ ತೊರೀನೊದ ಕಾರು ಕಾರ್ಖಾನೆಗಳಿಗೆ ಬಂದರು. 1951ರಲ್ಲಿ ಸುಮಾರು 7 ಲಕ್ಷವಿದ್ದ ಊರಿನ ಜನಸಂಖ್ಯೆ 1971ಕ್ಕೆ 11 ಲಕ್ಷ ದಾಟಿತ್ತು. ‘ದಕ್ಷಿಣದವರಿಗೆ ಮನೆ ಬಾಡಿಗೆಗಿಲ್ಲ’ ಎಂಬ ಬೋರ್ಡುಗಳಿದ್ದ ಕಾಲ. ಊರಿಂದ ಅಮ್ಮಂದಿರು ಎಣ್ಣೆ, ಉಪ್ಪಿನಲ್ಲಿಟ್ಟ ತರಕಾರಿ, ತಿಂಡಿ ಕಟ್ಟಿ ಕಳಿಸುವ ಡಬ್ಬಕ್ಕೆ ಅಲ್ಲಿ ‘ಕೆಳಗಿನಿಂದ ಬಂದ ಪೊಟ್ಟಣ’ ಎಂದೇ ಹೆಸರು. ಧಾರವಾಡದಿಂದ ರಾತ್ರಿ ಬಸ್ಸಿನ ಡ್ರೈವರ್ ಕೈಯಲ್ಲಿ ಶೇಂಗಾ ಚಟ್ನಿ, ಖಡಕ್ ರೊಟ್ಟಿ ತರಿಸಿಕೊಳ್ಳುವ ನನಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

1963ರಲ್ಲಿ ಅಜ್ಜಿ ಗಂಡನ ಹಿಂದೆ ತೊರೀನೊಗೆ ಹೊರಟಾಗ ಮೂರು ವರ್ಷದ ಮಗಳನ್ನು ಹಳ್ಳಿಯಲ್ಲಿ ತಾಯಿಯ ಬಳಿ ಬಿಟ್ಟು ಬಂದರು. ಮಗು ಅಳುತ್ತದೆ, ಮಲಗಿರುವಾಗ ಹೊರಟುಬಿಡು ಎಂದು ಎಲ್ಲರೂ ಹೇಳಿದರು. ಹಾಗೇ ಮಾಡಿದರು. ವರ್ಷದ ನಂತರ ಊರಿಗೆ ಹೋದರೆ ಮಗಳು ಅಜ್ಜಿಯ ಲಂಗದ ಹಿಂದೆ ಅಡಗಿಕೊಂಡಳು, ಹತ್ತಿರ ಬರಲಿಲ್ಲ. ಬಂದ ಮೇಲೂ ಅಮ್ಮ ಎಲ್ಲಿ ಎದ್ದು ಹೋಗುತ್ತಾಳೋ ಎಂದು ರಾತ್ರಿ ನಿದ್ದೆ ಮಾಡಲಿಲ್ಲ.

ಅದನ್ನು ಕೇಳಿ ನಾನು ಅತ್ತುಬಿಟ್ಟೆ. ನಾನೂ ಅದನ್ನೇ ಮಾಡಿ ಬಂದಿದ್ದೆ. ನನ್ನ ನಾಲ್ಕು ವರ್ಷದ ಮಗಳನ್ನು ಗಂಡ ಮತ್ತು ಅತ್ತೆಯ ಬಳಿ ಬಿಟ್ಟು, ರಾತ್ರಿ ಎರಡು ಗಂಟೆಗೆ ಮುಂಬೈ ಏರ್‌ಪೋರ್ಟಿಗೆ ಟ್ಯಾಕ್ಸಿ ಹತ್ತುವಾಗ ಅವಳನ್ನು ಎಬ್ಬಿಸಿರಲಿಲ್ಲ. ಎದ್ದವಳು ಬಚ್ಚಲು, ಬಾಲ್ಕನಿ, ಕಪಾಟಿನ ಹಿಂದೆ ಎಲ್ಲಾ ಹುಡುಕಿದಳಂತೆ. ನಾಲ್ಕು ದಿನ ಫೋನಿಗೆ ಬರಲಿಲ್ಲ. ಬಂದ ಮೇಲೂ ಮುಖ ಆ ಕಡೆ ತಿರುಗಿಸಿಕೊಂಡೇ ಮಾತು. ನಾನು ಅದನ್ನು ಯಾರಿಗೂ ಹೇಳಿಕೊಂಡಿರಲಿಲ್ಲ.

ಅಜ್ಜಿ ಸಮಾಧಾನದ ಮಾತೇನೂ ಆಡಲಿಲ್ಲ. ಕಾಫಿಯ ಕಪ್ಪು ಎತ್ತಿಡುತ್ತಾ ಅಂದರು: “ಅತ್ತರೆ ಅಳಲಿ. ಎಬ್ಬಿಸಿ ಹೇಳಿ ಹೋಗು. ಹೇಳಿ ಹೋದವರು ಬರುತ್ತಾರೆ ಅಂತ ಮಕ್ಕಳಿಗೆ ಗೊತ್ತಾಗಬೇಕು.”

ಇದನ್ನೆಲ್ಲಾ ಹೇಳಿದವರ ಮುಂದೆ, ತಿಂಗಳ ನಂತರ, ನಾನು ಅದ್ದೀಯೊ ಎಂದು ಕೈಮುಗಿದಿದ್ದೆ!

ಆ ದಿನ ಅವರು ಕೈ ಬಿಡುವ ಮುನ್ನ ಇನ್ನೊಂದು ಮಾತು ಹೇಳಿದರು: “ಸ್ತಾಮ್ಮಿ ಬೇನೆ.” ನಮ್ಮ ಕಿವಿಗೆ ‘ಬೇನೆ’ ಎಂದರೆ ನೋವು. ಅಲ್ಲಿ ಬೇನೆ ಎಂದರೆ ‘ಚೆನ್ನಾಗಿ’. ಚೆನ್ನಾಗಿರು ಎನ್ನಲು ‘ಸ್ತಾಯಿ ಬೇನೆ’ ಸಾಕು. ನಡುವೆ ‘ಮಿ’ ಸೇರಿದರೆ ‘ನನಗೆ ಚೆನ್ನಾಗಿರು’ ಎಂದಾಗುತ್ತದೆ. ನೀನು ಚೆನ್ನಾಗಿರುವುದು ನನಗೂ ಬೇಕಾದ ಸಂಗತಿ ಎಂದು ಅರ್ಥ. ಕೈಯಲ್ಲಿ ಒಂದು ಚೀಲ ಇಟ್ಟರು. ಅದರಲ್ಲಿ ಅವರ ಸೀಮೆಯ ‘ತರಾಲ್ಲಿ’, ನಮ್ಮ ಕೋಡುಬಳೆಯ ದೂರದ ಸಂಬಂಧಿಯಂಥ ಕುರುಕಲು. ಬುತ್ತಿ ಕಟ್ಟಿಕೊಟ್ಟಿದ್ದರು.

ಮೆಟ್ಟಿಲು ಇಳಿಯುವಾಗ ಮೇಲಿಂದ ಕೂಗಿದರು, “ಫಾಮ್ಮಿ ಸಾಪೇರೆ!” ತಲುಪಿದ ಮೇಲೆ ತಿಳಿಸು. ನಾನು ಪುಣೆಗೆ ಬಂದೆ, ಮಗಳನ್ನು ಎತ್ತಿಕೊಂಡೆ, ತಿಳಿಸುವುದನ್ನು ಮರೆತೆ. ಮೂರನೆಯ ದಿನ ಸಹೋದ್ಯೋಗಿಯ ಮೆಸೇಜ್: “ಅಮ್ಮ ದಿನಾ ಕೇಳುತ್ತಿದ್ದಾರೆ.” ಕೂಡಲೇ ಫೋನ್ ಮಾಡಿ, ಬರೆದಿಟ್ಟುಕೊಂಡು ಓದಿದೆ: “ಸೊನೊ ಅರ್ರಿವಾತಾ. ಸ್ತೊ ಬೇನೆ.” ತಲುಪಿದೆ, ಚೆನ್ನಾಗಿದ್ದೇನೆ. ಆ ಕಡೆಯಿಂದ ನಿಟ್ಟುಸಿರು ಕೇಳಿಸಿತು. ವಿದಾಯ ಬಾಗಿಲಲ್ಲಿ ಮುಗಿಯುವುದಿಲ್ಲ, ಮುಟ್ಟಿದೆ ಎಂದು ಹೇಳಿದಾಗ ಮುಗಿಯುತ್ತದೆ.

ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ

ಇಟಲಿಗೆ ಹೊರಟವರಿಗೆ, ಹಿರಿಯರಿರುವ ಮನೆಯಲ್ಲೂ ಸಲ್ಲುವ ಆರು ಮಾತು:

ಒಳಗೆ ಬರುವಾಗ: ಪೆರ್ಮೆಸ್ಸೊ?

ಊಟವಾದ ಮೇಲೆ: ಎರಾ ತುತ್ತೊ ಬುವೊನಿಸ್ಸಿಮೊ.

ಏಳುವಾಗ, ನಗುತ್ತಾ: ತೊಲ್ಗೊ ಇಲ್ ದಿಸ್ತೂರ್ಬೊ.

ಬಾಗಿಲಲ್ಲಿ, ಮನೆಯವರೆಲ್ಲರಿಗೂ: ವಿ ರಿಂಗ್ರಾತ್ಸಿಯೊ ದಿ ಕುವೋರೆ.

ಹೊರಡುವಾಗ: ಅರ್ರಿವೆದೆರ್ಚಿ. ಬೇಗ ಬರುವುದಿದ್ದರೆ ಜೊತೆಗೆ ‘ಆ ಪ್ರೆಸ್ತೊ’.

ಮುಟ್ಟಿದ ಮೇಲೆ: ಗಂಡಸರಾದರೆ ‘ಸೊನೊ ಅರ್ರಿವಾತೊ’, ಹೆಂಗಸರಾದರೆ ‘ಸೊನೊ ಅರ್ರಿವಾತಾ’.

ತಪ್ಪಾದರೂ ಪರವಾಗಿಲ್ಲ, ಯಾರೂ ನಗುವುದಿಲ್ಲ. ಅದ್ದೀಯೊ ಒಂದು ಬಿಟ್ಟು.

2019ರ ಜೂನ್‌ನಲ್ಲಿ ಮತ್ತೆ ಮೂರು ವಾರ ತೊರೀನೊಗೆ ಹೋಗಬೇಕಾಯಿತು. ಆ ರಾತ್ರಿ ಎರಡು ಗಂಟೆಗೆ ಮಗಳನ್ನು ಎಬ್ಬಿಸಿದೆ. “ಹೋಗಿ ಬರ್ತೀನಿ ಪುಟ್ಟಾ” ಎಂದೆ. ಅತ್ತಳು, ಕುತ್ತಿಗೆ ಬಿಡಲಿಲ್ಲ. ಅತ್ತೆ ನನ್ನನ್ನೇ ದುರುಗುಟ್ಟಿ ನೋಡಿದರು. ಎಷ್ಟು ನಿದ್ದೆ ಮಾಡಿದರೆ ಬರ್ತೀಯಾ ಎಂದು ಕೇಳಿದಳು. ಇಪ್ಪತ್ತೊಂದು ಎಂದೆ. ಬೆರಳು ಎಣಿಸಲು ಶುರುಮಾಡಿ, ಹತ್ತಕ್ಕೇ ನಿದ್ದೆ ಬಂದು, ಅಜ್ಜಿಯ ಹೆಗಲ ಮೇಲಿಂದ “ಹೋಗಿ ಬಾ” ಎಂದಳು. ಇಳಿದ ಕೂಡಲೇ ಫೋನ್ ಮಾಡಿದರೆ ಅವಳೇ ಎತ್ತಿದ್ದಳು.

ಆ ಭಾನುವಾರ ನಾಲ್ಕನೇ ಮಹಡಿ ಹತ್ತಿ ಹೊಸ್ತಿಲಲ್ಲಿ ನಿಂತು “ಪೆರ್ಮೆಸ್ಸೊ?” ಎಂದೆ. ಅಜ್ಜಿ ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತಾ ಬಂದು, ನನ್ನನ್ನು ನೋಡಿ, ಒಳಗೆ ಬಾ ಎನ್ನುವುದಕ್ಕೂ ಮೊದಲು ಹೇಳಿದರು:

“ನೋಡಿದೆಯಾ? ಅರ್ರಿವೆದೆರ್ಚಿ ಅಂತ ಹೇಳಿಸಿದ್ದೆನಲ್ಲ!”